ಅಳಿಸಿದ ಎಕ್ಸ್‌ರೇ ಸಾಲುಗಳು

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಅಪ್ಪ ಆಲೆಮನೆಯ ಒಲೆ ಮುಂದೆ ಬೆಂದು ಓದಿಸಿದರು. ಹಾಗಾಗಿ ಮಳವಳ್ಳಿಯ ಸಣ್ಣ ಎಕ್ಸ್‌ರೇ ಸೆಂಟರಿನಲ್ಲಿ ನಾನು ಬರೆದ ಪ್ರೋಗ್ರಾಂ ಓಡುತ್ತದೆ ಎಂಬ ಜಂಬ ನನಗಿತ್ತು.

ಮಂಡ್ಯದ ಡಾಕ್ಟರಿಗೆ ಸಂದೇಶ ಕಳಿಸುವ ನಮ್ಮ ಹಳೇ ವ್ಯವಸ್ಥೆ ಚಿತ್ರ ಒಯ್ಯುತ್ತಿರಲಿಲ್ಲ, ಬರೀ ಅಕ್ಷರ ಒಯ್ಯುತ್ತಿತ್ತು. ನನ್ನ ಪ್ರೋಗ್ರಾಂ ಎಕ್ಸ್‌ರೇಯನ್ನು ಇಂಗ್ಲಿಷ್ ಅಕ್ಷರ, ಅಂಕಿಗಳ ಸಾಲುಗಳಾಗಿ ಮಾಡುತ್ತಿತ್ತು. ಅತ್ತ ಅವು ಮತ್ತೆ ಚಿತ್ರವಾಗುತ್ತಿದ್ದವು. ಸಾಲುಗಳನ್ನು ಕಾಪಿ ಮಾಡಿ ಕಳಿಸುವುದು ಆಪರೇಟರ್ ಅಣ್ಣನ ಕೆಲಸ. ಅವರು ಮೊದಲು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದವರು. "ಇದೇನವ್ವ, ಸಾಲುಗಟ್ಲೆ ಬರೀ ಎ ಎ ಎ?" ಎಂದು ಒಮ್ಮೆ ಕೇಳಿದ್ದರು. "ನಿಮಗೆ ಅರ್ಥ ಆಗಲ್ಲ ಬಿಡಿ ಅಣ್ಣ" ಅಂದುಬಿಟ್ಟಿದ್ದೆ.

ಆ ಮಧ್ಯಾಹ್ನ ಹಿಂದಿನ ಬೀದಿಯ ಲಾರಿ ಮೆಕ್ಯಾನಿಕ್ ಬಂದರು. ಬೆಳಿಗ್ಗೆಯಿಂದ ಎದೆ ಚುಚ್ಚು, ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು.

"ಬೇಗ ಬುಡವ್ವ, ಗಾಡಿ ಬಿಚ್ಚಾಕ್ಬುಟ್ಟು ಬಂದಿವ್ನಿ."

"ಲಾರಿ ಎದೆ ಬಿಚ್ಚೋನಿಗೆ ತನ್ನೆದೆ ತೋರ್ಸಕ್ಕೆ ಭಯ್ವಾ ಭಾಯ್?" ಅಂದರು ಆಪರೇಟರ್ ಅಣ್ಣ.

ಎಕ್ಸ್‌ರೇ ತೆಗೆದು ಕಳಿಸಿದೆವು. ಮಂಡ್ಯದಿಂದ ಉತ್ತರ ಬಂತು: ಚಿತ್ರ ಓರೆಯಾಗಿದೆ, ಏನೂ ತಿಳಿಯುತ್ತಿಲ್ಲ, ಇನ್ನೊಮ್ಮೆ ಕಳಿಸಿ. ನಾನು ಕಾರಣ ಹುಡುಕುತ್ತಿರುವಾಗಲೇ ಆಪರೇಟರ್ ಅಣ್ಣ ಮೆಕ್ಯಾನಿಕ್‌ಗೆ, "ಸಂಜಿಕ್ ಬಾ ಭಾಯ್" ಎಂದು ಹೇಳಿಬಿಟ್ಟರು. ಅವರು ಹೋದರು.

ಕಳಿಸಿದ್ದನ್ನು ಮೂಲದ ಜೊತೆ ಇಟ್ಟು ನೋಡಿದೆ. ಸಾಲುಗಳು ಕಡಿಮೆಯಿದ್ದವು.

"ಅಣ್ಣ, ಏನಾದ್ರೂ ತೆಗೆದ್ರಾ?"

"ಆ ಎ ಸಾಲ್ಗೋಳ ಅಳಿಸ್ದೆ ಕಣವ್ವ. ಇವತ್ತು ಬೋ ಜಾಸ್ತಿ ಇದ್ವು, ಖಾಲಿ ಸಾಲು ಅನ್ಕಂಡೆ. ಪ್ರೆಸ್ಸಲ್ಲಿ ಖಾಲಿ ಜಾಗ ಬುಟ್ರೆ ಓನರ್ ಬಯ್ಯೋರು."

ಚಿತ್ರದಲ್ಲಿ ಅಚ್ಚ ಕಪ್ಪು ಇರುವಲ್ಲಿ ಮಾತ್ರ ಹಾಗೆ ಬರೀ ಎ ಬರುತ್ತದೆ. ಎದೆಯೊಳಗೆ ಅಷ್ಟೊಂದು ಅಚ್ಚ ಕಪ್ಪು ಇರಬಾರದು.

ಒಂದು ಸಾಲೂ ಬಿಡದೆ ಮತ್ತೆ ಕಳಿಸಿದೆ. ಈ ಸಲ ಡಾಕ್ಟರು ಫೋನನ್ನೇ ಮಾಡಿದರು. "ಬಲಗಡೆ ಶ್ವಾಸಕೋಶ ಕುಸಿದಿದೆ. ಅದರ ಸುತ್ತೆಲ್ಲ ಗಾಳಿ ತುಂಬ್ಕೊಂಡಿದೆ, ಅದಕ್ಕೇ ಅಷ್ಟು ಕಪ್ಪು. ಆತ ಎಲ್ಲಿ? ನಡೆಸಬೇಡಿ, ಮಲಗಿಸಿ, ಆಂಬುಲೆನ್ಸ್ ಕರೀರಿ."

ಬೆಂಚು ಖಾಲಿಯಿತ್ತು. ಭಾಯ್ ಮೊಬೈಲು ರಿಂಗಾಗಿ ರಿಂಗಾಗಿ ನಿಂತಿತು. ಆಂಬುಲೆನ್ಸಿಗೆ ಫೋನ್ ಮಾಡಲು ಅಣ್ಣನಿಗೆ ಹೇಳಿ ಗ್ಯಾರೇಜಿಗೆ ಓಡಿದೆ. ಲಾರಿಯ ಅಡಿಯಿಂದ ಎರಡು ಕಾಲು ಹೊರಗಿದ್ದವು. ಪಕ್ಕದಲ್ಲಿ ಸ್ಪ್ಯಾನರ್ ಬಿದ್ದಿತ್ತು.

"ಭಾಯ್!"

ಅಡಿಯಿಂದ, "ಬತ್ತೀನ್... ತಡಿಯವ್ವ..." ಎಂಬ ಸಣ್ಣ ದನಿ ಬಂತು. ಕಾಲುಗಳು ಮಾತ್ರ ಅಲುಗಲಿಲ್ಲ. ನಾನು ಮಣ್ಣಿಗೆ ಮಂಡಿಯೂರಿ, ಆ ಕಾಲುಗಳನ್ನು ಹಿಡಿದು ಎಳೆಯತೊಡಗಿದೆ.