ಮೊಣಕೈಯವರೆಗಿನ ಲೆಕ್ಕ

ನಮ್ಮವ್ವ ರೊಟ್ಲಿಂಡ್ ಬಿರುಬೇಸಿಗೆಯಲ್ಲೂ ಅಂಗಿಯ ತೋಳು ಮಡಿಸಿದವಳಲ್ಲ. ಒಡೆಯನ ಗಿಣ್ಣುಮನೆಯಲ್ಲಿ ಹಾಲು ಒಡೆಸಿ, ಹಿಂಡಿ, ಗಿಣ್ಣಿನ ಗಡ್ಡೆ ಕಟ್ಟುವುದು ಅವಳ ಕೆಲಸ. ಉಳಿದ ಹೆಂಗಸರೆಲ್ಲ ಭುಜದವರೆಗೆ ಬಟ್ಟೆ ಸರಿಸಿಕೊಂಡು ಕೈ ಅದ್ದಿದರೆ, ಇವಳ ತೋಳಂಚು ಮಾತ್ರ ಸದಾ ನೆನೆದು ಹುಳಿನಾತ ಹೊಡೆಯುತ್ತಿತ್ತು. ಕೋಳಿ ಕೆದರಿದರೆ ಬೆಚ್ಚುವಳು, ಕುದುರೆ ಕೆನೆದರೆ ಬಾಗಿಲ ಹಿಂದೆ ಸರಿಯುವಳು. ಮಾಸ್ ನದಿಯ ಈ ದಡದಲ್ಲಿ ಅವಳಂಥ ಪುಕ್ಕಲು ಹೆಂಗಸು ಇನ್ನೊಬ್ಬಳಿಲ್ಲ ಎಂದು ಊರೆಲ್ಲ ನಗುತ್ತಿತ್ತು. ನಾನೂ ನಕ್ಕವಳೇ.

ಆ ಪುಕ್ಕಲಿಯ ಎದೆಹಾಲು ಕುಡಿದೇ ನಮ್ಮ ಒಡೆಯ ಹಿಲ್ಡುವಿನ್ ಬೆಳೆದದ್ದು. ಅವನೂ ನಾನೂ ಒಂದೇ ಚಳಿಗಾಲದಲ್ಲಿ ಹುಟ್ಟಿದವರು. ಅವನ ತಾಯಿ ಹೆರಿಗೆಯಲ್ಲೇ ಹೋದಳು. ಜೀತದವಳಾದ ನಮ್ಮವ್ವನನ್ನು ಹಾಲೂಡಿಸಲು ಕೋಟೆಗೆ ಕರೆಸಿದರು. ಅವನು ಕುಡಿದು ಮಿಕ್ಕಿದ್ದು ನನಗೆ. ಅದಕ್ಕೇ ಅವನು ಕಂಬ, ನಾನು ಕಡ್ಡಿ ಎಂದು ಅವ್ವನನ್ನು ಆಡಿಕೊಳ್ಳುತ್ತಿದ್ದೆ. ದೊಡ್ಡವನಾದ ಮೇಲೂ ಬೇಟೆಯಿಂದ ಬರುವಾಗ ಗಿಣ್ಣುಮನೆಗೆ ನುಗ್ಗಿ, “ಅವ್ವಾ, ಹಸಿವು” ಎಂದು ಬಿಸಿಗಿಣ್ಣನ್ನು ಬರಿಗೈಯಲ್ಲೇ ಬಾಚಿ ತಿನ್ನುತ್ತಿದ್ದ. ನಗುಮುಖದವನು. ಆದರೆ ನಗುನಗುತ್ತಲೇ ಒಬ್ಬ ಹಂದಿಕಾಯುವವನ ಕಿವಿ ಕೊಯ್ಯಿಸಿದ್ದನ್ನೂ ನಾವು ನೋಡಿದ್ದೆವು.

ಅವನ ಹೆಂಡತಿ ಅಮಲ್ಬರ್ಗಾ ಹೆತ್ತದ್ದೆಲ್ಲ ಹೆಣ್ಣು. ಹೊಳೆಯಾಚೆಯ ದೊಡ್ಡ ಮನೆತನವೊಂದು ಕಾಡು, ಗಿರಣಿ ಸಮೇತ ಅವನಿಗೆ ಹೆಣ್ಣು ಕೊಡಲು ಸಿದ್ಧವಿತ್ತು. ಕಟ್ಟಿಕೊಂಡವಳನ್ನು ಸುಮ್ಮನೆ ಬಿಡಲು ಬಿಷಪ್ಪರು ಒಪ್ಪುವುದಿಲ್ಲ. ಗಂಡಹೆಂಡಿರು ಒಂದೇ ರಕ್ತದವರು ಎಂದು ತೋರಿಸಿಕೊಟ್ಟರೆ ಮಾತ್ರ ಆ ಮದುವೆ ಮದುವೆಯೇ ಅಲ್ಲ ಎಂದಾಗುತ್ತದೆ. ಆಗ ಅಮಲ್ಬರ್ಗಾ ತಲೆ ಬೋಳಿಸಿಕೊಂಡು ಮಠ ಸೇರಬೇಕು, ಅವಳ ಹೆಣ್ಣುಮಕ್ಕಳು ಹಾದರಕ್ಕೆ ಹುಟ್ಟಿದವರೆನಿಸಿಕೊಳ್ಳಬೇಕು. ದೊಡ್ಡವರ ಮನೆಯ ನ್ಯಾಯ ಹೀಗಿರುತ್ತದೆ.

ರಕ್ತದ ಲೆಕ್ಕವನ್ನು ನಮ್ಮಲ್ಲಿ ಮೈಮೇಲೇ ಮಾಡುವುದು. ಮೂಲದ ಗಂಡಹೆಂಡಿರು ತಲೆ. ಅವರ ಮಕ್ಕಳು ಕೊರಳು, ಮೊಮ್ಮಕ್ಕಳು ಭುಜ, ಆಮೇಲಿನವರು ಮೊಣಕೈ, ಮಣಿಕಟ್ಟು, ಬೆರಳ ಗೆಣ್ಣುಗಳು. ಉಗುರು ಬಂತೆಂದರೆ ನೆಂಟಸ್ತಿಕೆ ಮುಗಿಯಿತು. ಹಿಲ್ಡುವಿನ್‌ನ ಅಜ್ಜಿ ರೆಗಿಂಟ್ರುಡ್ ದೊರೆಸಾನಿಯೂ ಅಮಲ್ಬರ್ಗಾಳ ಮುತ್ತಜ್ಜನೂ ಒಡಹುಟ್ಟಿದವರು. ಎಣಿಸಿದರೆ ಅವನು ಮೊಣಕೈಗೆ ಬರುತ್ತಾನೆ, ಅವಳು ಮಣಿಕಟ್ಟಿಗೆ. ಮದುವೆಯ ದಿನ ಇದು ಯಾರಿಗೂ ನೆನಪಾಗಿರಲಿಲ್ಲ, ಈಗ ಎಲ್ಲರಿಗೂ ನೆನಪಾಯಿತು.

ನಮ್ಮೂರ ಸಂತನ ಹಬ್ಬದ ದಿನ ಬಿಷಪ್ಪರ ಮುಂದೆ, ಸಂತನ ಎಲುಬಿರುವ ಪೆಟ್ಟಿಗೆ ಮುಟ್ಟಿ, ಹಳಬರು ಈ ಲೆಕ್ಕಕ್ಕೆ ಆಣೆ ಮಾಡಬೇಕಿತ್ತು. ರೆಗಿಂಟ್ರುಡ್‌ಳನ್ನು ಕಣ್ಣಾರೆ ಕಂಡವರ ಪೈಕಿ ಬದುಕುಳಿದವಳು ಅವ್ವ ಒಬ್ಬಳೇ. ಪಾರುಪತ್ಯಗಾರ ಬಂದು ಇದನ್ನು ಹೇಳಿ ಹೋದ ಗಳಿಗೆಯಿಂದ ಅವಳು ರೊಟ್ಟಿ ಮುಟ್ಟಲಿಲ್ಲ.

“ಅದೇನವ್ವ ಹಿಂಗಾಡ್ತೀಯ?” ಎಂದು ನಾನೇ ರೇಗಿದೆ. “ಹೋಗಿ ಎರಡು ಮಾತು ಹೇಳಿ ಬಂದ್ರಾಯ್ತು. ನಿನ್ನೇನು ನೇಣಿಗೆ ಹಾಕ್ತಾರಾ?”

“ಸಂತನ ಎಲುಬು ಮುಟ್ಟಿ ಸುಳ್ಳಾಡಿದ್ರೆ ಕೈ ಕೊಳೆತೋಗುತ್ತೆ ಕಣೆ.”

“ಸುಳ್ಳ್ಯಾಕೆ ಆಡ್ತೀಯ? ಅವನಜ್ಜಿ ಅವನಜ್ಜೀನೇ ತಾನೆ?”

ಅವ್ವ ನನ್ನ ಮುಖವನ್ನೇ ನೋಡಿದಳು. “ಮಗೀಗೆ ಹಾಲು ಕೊಡೋಗು,” ಎಂದಳು.

ಮಾರನೆಯ ಮಧ್ಯಾಹ್ನ ನಾನು ಗಿಣ್ಣುಮನೆಯ ಮೂಲೆಯಲ್ಲಿ, ಗಡ್ಡೆಗಳನ್ನು ಒಣಗಿಸಲು ಜೋಡಿಸಿದ್ದ ಹಲಗೆಗಳ ಹಿಂದೆ ಕೂತು ನನ್ನ ಹಸುಗೂಸಿಗೆ ಮೊಲೆ ಕೊಡುತ್ತಿದ್ದೆ. ಒಡೆಯ ಒಬ್ಬನೇ ಬಂದ. “ಅವ್ವಾ, ಹಸಿವು,” ಎಂದು ಬಾಚಿಕೊಂಡು ತಿನ್ನುತ್ತಲೇ ಪಾಠ ಹೇಳಿಕೊಟ್ಟ.

“ಸುಲಭ ಕಣವ್ವ. ಕೊರಳು ಮುಟ್ಟಿ ರೆಗಿಂಟ್ರುಡ್ ಅನ್ನು. ಭುಜ ಮುಟ್ಟಿ ನಮ್ಮಪ್ಪನ ಹೆಸರು ಹೇಳು. ಮೊಣಕೈ ಅಂದ್ರೆ ನಾನು. ಅಷ್ಟೇಯ. ಹಬ್ಬಕ್ಕೆ ನಿಂಗೊಂದು ಉಣ್ಣೆ ಹೊದಿಕೆ ಕೊಡಿಸ್ತೀನಿ.”

“ನನ್ನ ಬಿಟ್ಬಿಡು ಮಗಾ. ವಯಸ್ಸಾಯ್ತು, ನೆಪ್ಪಿಲ್ಲ.”

“ನಾನು ಎಷ್ಟು ಸಲ ನಿನ್ನ ಮಡಿಲಲ್ಲಿ ಉಚ್ಚೆ ಹುಯ್ದೆ ಅಂತ ಊರೆಲ್ಲ ಹೇಳ್ಕೊಂಡು ಬತ್ತೀಯ, ಇದು ನೆಪ್ಪಿಲ್ವಾ?”

“ಬೇರೆ ಯಾರ್ನಾದ್ರೂ ಕರ್ಕೊಂಡೋಗು.”

“ಬೇರೆ ಯಾರಿದಾರೆ? ಎಲ್ಲ ಮಣ್ಣು ಸೇರಿದ್ರು.” ಅವನ ನಗು ನಿಂತಿತ್ತು. “ಅಮಲ್ಬರ್ಗಾ ನಿಂಗೇನಾದ್ರೂ ಹೇಳಿಕೊಟ್ಟಿದಾಳಾ? ನೋಡವ್ವ, ನೀನು ಆಣೆ ಮಾಡ್ದೆ ಹೋದ್ರೆ ನಿನ್ನ ಮಗಳು, ಮೊಮ್ಮಗಳು ಇಬ್ರನ್ನೂ ಹೊಳೆಯಾಚೆಗೆ ಕೊಟ್ಬಿಡ್ತೀನಿ. ಬೇರೆ ಬೇರೆ ಮನೆಗೆ.”

ಕೂಸನ್ನು ಎದೆಗೆ ಒತ್ತಿಕೊಂಡೆ. ಆಗ ಅವ್ವ, ನಾನು ಹುಟ್ಟಿದಾಗಿನಿಂದ ಮಾಡದಿದ್ದ ಕೆಲಸ ಮಾಡಿದಳು. ಅಂಗಿಯ ತೋಳು ಮಡಿಸಿದಳು. ಬಿಸಿಲು ಕಾಣದ ಆ ತೋಳು ಗಿಣ್ಣಿನಷ್ಟೇ ಬೆಳ್ಳಗಿತ್ತು, ಗಡಗಡ ನಡುಗುತ್ತಿತ್ತು.

“ಹಂಗಾದ್ರೆ ಸರಿಯಾಗಿ ನೋಡ್ಕೊ ಮಗಾ. ತಲೆ ಅಂದ್ರೆ ನಿಮ್ಮ ಕೊಟ್ಟಿಗೇಲಿ ಹಾಲು ಕರೀತಿದ್ದ ನನ್ನ ಅಜ್ಜ, ಅಜ್ಜಿ. ಕೊರಳು ಅವರ ಇಬ್ರು ಹೆಣ್ಣುಮಕ್ಕಳು. ಒಬ್ಳು ನಮ್ಮವ್ವ. ಇನ್ನೊಬ್ಳು ಗೋಡಾ.”

“ಯಾವ ಗೋಡಾ? ಅವಳ್ಯಾಕೆ ಬಂದ್ಲು ಇಲ್ಲಿ?”

“ರೆಗಿಂಟ್ರುಡ್ ದೊರೆಸಾನಿಗೆ ಮಕ್ಕಳೇ ಆಗ್ಲಿಲ್ಲ. ಹೊಟ್ಟೆಗೆ ಬಟ್ಟೆ ಕಟ್ಕೊಂಡು ಓಡಾಡಿದ್ಲು. ನಿಮ್ಮಜ್ಜನಿಗೆ ಹೆತ್ತುಕೊಟ್ಟೋಳು ಗೋಡಾ. ಹೊಕ್ಕುಳಬಳ್ಳಿ ಕುಯ್ದೋಳು ನಮ್ಮವ್ವ. ಆ ಕೂಸು ನಿಮ್ಮಪ್ಪ.” ಅವಳ ಬೆರಳು ಕೊರಳಿನಿಂದ ಕೆಳಗಿಳಿಯಿತು. “ಭುಜದಲ್ಲಿ ನಿಮ್ಮಪ್ಪ, ನಾನು. ಮೊಣಕೈಲಿ ನೀನು, ನನ್ನ ಗೆರ್ಲಿಂಡ್.”

ಗೆರ್ಲಿಂಡ್ ಎಂದರೆ ನಾನು. ಹಲಗೆಯ ಸಂದಿನಿಂದ ಅವನ ಮುಖದ ಬಣ್ಣ ಇಳಿದದ್ದು ಕಂಡಿತು. ಅವನಪ್ಪ ಜೀತದವಳ ಹೊಟ್ಟೆಯಲ್ಲಿ ಹುಟ್ಟಿದವನು ಎಂದಾದರೆ ಕೋಟೆ, ಹೊಲ, ಸೊಂಟದ ಕತ್ತಿ, ಯಾವುದೂ ಇವನದಲ್ಲ. ತೊತ್ತಿನ ವಂಶ ಎಂದು ಎಳೆದುಹಾಕಲು ದಾಯಾದಿಗಳು ಬಾಯಿಬಿಟ್ಟುಕೊಂಡು ಕಾದಿದ್ದರು. ಅವನ ಕೈ ಚಾಕುವಿನ ಹಿಡಿಯ ಮೇಲೆ ಹೋಗಿ ಕೂತಿತು. ನನ್ನ ಕೂಸು ಮೊಲೆ ಬಿಟ್ಟು ಮುಖ ಸಿಂಡರಿಸಿತು. ಅತ್ತುಬಿಟ್ಟರೆ ಮೂವರೂ ಹೋದೆವು ಎಂದುಕೊಂಡು ಅದರ ಬಾಯಿಗೆ ಮತ್ತೆ ಮೊಲೆ ತುರುಕಿದೆ. ಹೆದರಿಕೆಗೆ ಹಾಲೇ ಬತ್ತಿಹೋಗಿತ್ತು. ದೇವರು ದೊಡ್ಡವನು, ಅದು ಒಣಮೊಲೆಯನ್ನೇ ಚೀಪಿತು.

“ಇದು ಇನ್ಯಾರಿಗೆ ಗೊತ್ತು?”

“ಗೊತ್ತಿದ್ದೋರೆಲ್ಲ ಸತ್ತರು.”

“ಗೆರ್ಲಿಂಡ್‌ಗೆ?”

“ಅವಳಿಗೆ ನಾಲಿಗೆ ಉದ್ದ, ಬುದ್ಧಿ ಮೋಟು. ಅವಳಿಗ್ಯಾಕೆ ಹೇಳ್ಲಿ?”

“ನಂಗಾದ್ರೂ ಯಾಕೆ ಹೇಳಿದೆ ಅವ್ವ? ಇಷ್ಟು ದಿನ ಹೇಳ್ದೆ ಇದ್ದೋಳು.”

“ನಿನ್ನ ಕಂಡ್ರೆ ಹೆದರ್ಕೆ. ಸಂತನ್ನ ಕಂಡ್ರೆ ಒಂದು ಗುಲಗಂಜಿಯಷ್ಟು ಹೆಚ್ಚು ಹೆದರ್ಕೆ. ಅದಕ್ಕೇ ಹೇಳ್ದೆ.”

ಅವನು ಚಾಕುವಿನಿಂದ ಕೈ ತೆಗೆದು ಅವ್ವನ ಮಡಿಸಿದ ತೋಳನ್ನು ತಾನೇ ಮಣಿಕಟ್ಟಿನವರೆಗೆ ಎಳೆದು ಮುಚ್ಚಿದ. ಕೈಯಲ್ಲಿದ್ದ ಗಿಣ್ಣನ್ನು ಪಾತ್ರೆಗೆ ವಾಪಸು ಹಾಕಿ ಹೊರಟುಹೋದ.

ಹಬ್ಬಕ್ಕೆ ಬಿಷಪ್ಪರು ಬಂದರು, ಹಂದಿಮಾಂಸ ತಿಂದರು, ಹೋದರು. ತೋಳೆಣಿಕೆಯ ಮಾತೇ ಏಳಲಿಲ್ಲ. ಹೊಳೆಯಾಚೆಯ ಹೆಣ್ಣನ್ನು ಬೇರೆಯವರಿಗೆ ಕೊಟ್ಟರು. ತನ್ನ ಪ್ರಾರ್ಥನೆ ಫಲಿಸಿತೆಂದು ಅಮಲ್ಬರ್ಗಾ ಸಂತನಿಗೆ ಆಳುದ್ದದ ಮೇಣದ ಬತ್ತಿ ಹಚ್ಚಿದಳು. ನಮ್ಮವ್ವನ ಕಡೆ ಅವಳು ಒಂದು ಸಲ ತಿರುಗಿಯೂ ನೋಡಲಿಲ್ಲ. ನೋಡಬೇಕೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಒಡೆಯ ಮತ್ತೆಂದೂ ಗಿಣ್ಣುಮನೆಗೆ ಬಂದು ಹಸಿವು ಎನ್ನಲಿಲ್ಲ. ಬದಲಿಗೆ ಹಬ್ಬಹಬ್ಬಕ್ಕೂ ಅವ್ವನಿಗೆ ಮಾಂಸ, ಜೇನು, ಬಿಳಿ ರೊಟ್ಟಿ ಕಳಿಸತೊಡಗಿದ. ಪುಣ್ಯವಂತೆ ಎಂದು ಊರಿನವರು ಹೊಟ್ಟೆಕಿಚ್ಚುಪಟ್ಟರು. ಅವ್ವ ಮೊದಲು ನಾಯಿಗೆ ಹಾಕುವಳು, ಸಂಜೆಯವರೆಗೆ ಅದರ ಮುಖ ನೋಡುತ್ತ ಕೂರುವಳು. ಅದು ಬಾಲ ಅಲ್ಲಾಡಿಸಿದರೂ ನಂಬಿಕೆಯಿಲ್ಲದೆ ಉಳಿದದ್ದನ್ನೂ ಅದಕ್ಕೇ ಹಾಕುವಳು. ನಾಯಿ ಕೊಬ್ಬಿತು, ಅವ್ವ ಸೊರಗಿದಳು. ಬಾವಿಯ ಹತ್ತಿರ ನಾನಿಲ್ಲದೆ ಹೋಗುತ್ತಿರಲಿಲ್ಲ. ನಾನು ಆ ಮಧ್ಯಾಹ್ನ ಹಲಗೆಯ ಹಿಂದೆ ಇದ್ದೆನೆಂದು ಅವಳಿಗೆ ಹೇಳಲೇ ಇಲ್ಲ. ತನ್ನ ಜೀವದ ಭಯ ಹೊತ್ತೇ ಬಾಗಿದ್ದ ಹೆಗಲ ಮೇಲೆ ನನ್ನದನ್ನೂ ಹೇರಲು ಮನಸ್ಸು ಬರಲಿಲ್ಲ. ಪುಕ್ಕಲಿ ಎಂದು ನಗುವುದನ್ನು ಮಾತ್ರ ಬಿಟ್ಟೆ.

ಎರಡು ಮೂರು ವರ್ಷ ಕಳೆದು, ಕಾಯಿ ಉದುರಿ ಹಂದಿಗಳನ್ನು ಓಕ್ ಕಾಡಿಗೆ ಮೇಯಲು ಬಿಡುವ ಕಾಲದಲ್ಲಿ ಅವ್ವ ಜ್ವರ ಬಂದು ಸತ್ತಳು. ವಿಷವಲ್ಲ, ಬರಿಯ ಜ್ವರ. ಅಷ್ಟು ಹೊತ್ತಿಗೆ ನನ್ನ ಕೂಸು ಓಡಾಡುವ ಹುಡುಗಿಯಾಗಿದ್ದಳು.

ಜೀತದವಳ ಮಣ್ಣಿಗೆ ಒಡೆಯನೇ ಬಂದ. ಕುಡಿದ ಹಾಲಿನ ಋಣ ನೋಡಿ ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಪಾದ್ರಿ ಹೋದ ಮೇಲೆ ಅವನು ನನ್ನ ಪಕ್ಕಕ್ಕೆ ಬಂದು ನಿಂತ.

“ನಿಮ್ಮವ್ವ ಸಾಯೋ ಮುಂಚೆ ಏನಾದ್ರೂ ಹೇಳಿದ್ಲಾ ಗೆರ್ಲಿಂಡ್?”

“ಅಗುಳಿ ಹಾಕು ಅಂದ್ಲು, ಒಡೆಯ.”

“ಲೆಕ್ಕ ಗಿಕ್ಕ ಏನಾದ್ರೂ ಕಲಿಸಿದ್ಲಾ?”

“ಹಾಲಿನ ಲೆಕ್ಕ ಕಲಿಸಿದ್ಲು. ಅದನ್ನೂ ತಪ್ತೀನಿ.”

ಅವನು ನಗಲಿಲ್ಲ. ಮಳೆ ಬಂದು ಸ್ಮಶಾನವೆಲ್ಲ ಕೆಸರಾಗಿತ್ತು. ಜಾರಬೇಡ ಎಂದು ನನ್ನ ತೋಳು ಹಿಡಿದುಕೊಂಡ. ಹಿಡಿದದ್ದು ಮೊಣಕೈಯನ್ನು. ಒಡೆಯ ಎಷ್ಟು ಒಳ್ಳೆಯವನು ಎಂದು ಹಿಂದೆ ಯಾರೋ ಅಂದರು. ಅವನ ಬೆರಳು ನಡುಗುತ್ತಿದ್ದವು, ಅವ್ವನ ತೋಳು ಅಂದು ನಡುಗಿದ ಹಾಗೆಯೇ. ಇಷ್ಟು ವರ್ಷ ಅವನೂ ಹೆದರಿಕೊಂಡೇ ಇದ್ದಾನೆ ಎಂದು ಆಗ ತಿಳಿಯಿತು.

ಅಷ್ಟರಲ್ಲಿ ನನ್ನ ಮಗಳು ಅಂಗಿಯ ಎರಡೂ ತೋಳು ಭುಜದವರೆಗೆ ಮಡಿಸಿಕೊಂಡು, ಕೈತುಂಬ ಕೆಸರು ಮಾಡಿಕೊಂಡು ನಮ್ಮ ಮುಂದೆ ಓಡಿಬಂದಳು. ಅಂದು ಅವನು ಅವ್ವನ ತೋಳು ಮುಚ್ಚಿದ ಹಾಗೆ ಅವಳ ತೋಳು ಮುಚ್ಚಲು ನನ್ನ ಕೈ ತಾನಾಗಿ ಮುಂದೆ ಹೋಯಿತು. ಅರ್ಧದಲ್ಲೇ ನಿಲ್ಲಿಸಿದೆ.

ಅವನು ನನ್ನ ಕೈಯನ್ನೇ ನೋಡುತ್ತಿದ್ದ. ನನ್ನ ಮೊಣಕೈಯನ್ನು ಇನ್ನೂ ಬಿಟ್ಟಿರಲಿಲ್ಲ.