ಸೋಮವಾರ ತೊಳೆದ ಬಟ್ಟಲು

ನಮ್ಮ ಬಚ್ಚಲಿನ ಹಿಂದೆ, ನೆರಳಿನಲ್ಲಿ, ಅಂಗೈ ಅಗಲದ ಒಂದು ಕಪ್ಪು ಪ್ಲಾಸ್ಟಿಕ್ ಬಟ್ಟಲಿದೆ. ಅದರ ವಿಷಯದಲ್ಲಿ ನಾನೊಂದು ತಪ್ಪು ಮಾಡಿದೆ. ಹೇಳಬೇಕಾದವರಿಗೆಲ್ಲ ಬಾಯಲ್ಲಿ ಹೇಳಿದ್ದಾಗಿದೆ. ಬರೆದೂ ಇಟ್ಟರೆ ಇನ್ನಷ್ಟು ಹಗುರಾಗಬಹುದು.

ನಮ್ಮದು ಜಾವಗಲ್ಲಿಗೂ ಬಾಣಾವರಕ್ಕೂ ನಡುವಿನ ಊರು. ತೆಂಗಿನ ತೋಟ, ಕೊಬ್ಬರಿ ವ್ಯಾಪಾರ. ಅಟ್ಟದಲ್ಲಿ ಒಣಗಿದ ಕಾಯಿ ಒಡೆದು ಕೊಬ್ಬರಿ ತೆಗೆದ ಮೇಲೆ ಚಿಪ್ಪನ್ನೆಲ್ಲ ಹಿತ್ತಲಲ್ಲಿ ರಾಶಿ ಹಾಕುತ್ತೇವೆ. ಇದ್ದಿಲು ಸುಡುವವರ ಲಾರಿ ಬರುವ ತನಕ ಅದು ಅಲ್ಲೇ. ಮಳೆ ಬಿದ್ದರೆ ಚಿಪ್ಪಿಗೊಂದು ಗುಟುಕು ನೀರು.

ಹೋದ ವರ್ಷ ಮಳೆ ಶುರುವಾದಾಗ ಡೆಂಗಿ ಸೊಳ್ಳೆಯ ಅಧ್ಯಯನಕ್ಕೆಂದು ಇಬ್ಬರು ಹುಡುಗಿಯರು ಬಂದರು. ಜೊತೆಗೆ ನಮ್ಮೂರ ಆಶಾ ಕಾರ್ಯಕರ್ತೆ. ಬೀದಿಯ ಒಂದೊಂದು ಸಾಲಿಗೆ ಒಂದು ಮನೆ ಆರಿಸಿ, ಬಟ್ಟಲಿಗೆ ನೀರು ಹಾಕಿ, ಒಳಗೆ ಒರಟು ಕಾಗದದ ಪಟ್ಟಿ ನಿಲ್ಲಿಸುತ್ತಾರೆ. ಸೊಳ್ಳೆ ಆ ಪಟ್ಟಿಯ ಮೇಲೆ ಮೊಟ್ಟೆ ಇಡುತ್ತದೆ. ಮಂಗಳವಾರ ಮಂಗಳವಾರ ಬಂದು ಎಣಿಸುತ್ತಾರೆ. ಮೊಟ್ಟೆ ಹೆಚ್ಚು ಕಂಡ ಸಾಲಿಗೆ ಮೊದಲು ಸೊಳ್ಳೆ ಔಷಧಿ ಹೊಡೆಸುತ್ತಾರೆ.

"ಯಜಮಾನ್ರೇ, ನೀವು ಎಸ್ಸೆಸ್ಸೆಲ್ಸಿ ಓದಿದೋರು. ನಿಮ್ಮನೇಲೇ ಇಡ್ತೀವಿ. ಮುಟ್ಬೇಡಿ ಅಷ್ಟೆ" ಎಂದಳು ಆಶಾ. ಚಿಪ್ಪಿನ ರಾಶಿ ನೋಡಿ, "ಇದಕ್ಕೊಂದು ಟಾರ್ಪಾಲು ಹೊದಿಸಿ" ಎಂದೂ ಹೇಳಿದಳು. ಆಯ್ತಮ್ಮ ಎಂದೆ. ಹೊದಿಸಲಿಲ್ಲ.

ಸೋಮವಾರ ನಮ್ಮ ಮನೆಯಲ್ಲಿ ಹೊಸಿಲಿನಿಂದ ಹಿತ್ತಲವರೆಗೆ ತೊಳೆದು, ಆಮೇಲೆ ಪೂಜೆ. ತೊಳೆಯುತ್ತ ಹೋದವನು ಬಟ್ಟಲಿಗೆ ಬಗ್ಗಿ ನೋಡಿದೆ. ಪಟ್ಟಿಯ ಮೇಲೆಲ್ಲ ಮಸಿ ಚಿಮುಕಿಸಿದಂತೆ ಮೊಟ್ಟೆ. ಮಠದ ಸ್ವಾಮಿಗಳು ಪಾದಪೂಜೆಗೆ ಬರುವ ಮನೆ ನಮ್ಮದು. ನಾಳೆ ಇದು ಪುಸ್ತಕಕ್ಕೇರಿದರೆ ಊರವರು ಏನೆಂದಾರು? ನೀರು ಚೆಲ್ಲಿ, ಬಟ್ಟಲು ಬೆಳಗಿ, ಹಲ್ಲುಜ್ಜುವ ಹಳೆ ಬ್ರಷ್ಷಿನಿಂದ ಪಟ್ಟಿ ತಿಕ್ಕಿ, ಹೊಸ ನೀರು ತುಂಬಿಟ್ಟೆ. ಮಾರನೆಯ ದಿನ ಹುಡುಗಿ, "ಸೊನ್ನೆ, ತಾತ" ಎಂದಳು. ಆ ಮಾತು ಕಿವಿಗೆ ಹಿತವಾಗಿತ್ತು. ಮಳೆಗಾಲವಿಡೀ ಪ್ರತಿ ಸೋಮವಾರ ಇದೇ ಕೆಲಸ ಮಾಡಿದೆ. ಬೇರೆ ಸಾಲುಗಳಿಗೆ ಔಷಧಿ ಬಂತು. ನಮ್ಮ ಸಾಲಿಗೆ ಬರಲಿಲ್ಲ.

ಪಕ್ಕದ ಮನೆಯವನು ನನ್ನ ಶಾಲೆಯ ಗೆಳೆಯ. ಅವನ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಏಳು ತಿಂಗಳ ಬಸುರಿ. ಅವಳಿಗೆ ಜ್ವರ ಬಂತು.

"ಆಸ್ಪತ್ರೆಗೆ ತೋರಿಸ್ದೇನೋ?" ಎಂದು ಗೋಡೆಯಾಚೆಯಿಂದ ಕೇಳಿದೆ.

"ನೆಂದವ್ಳೆ ಅಷ್ಟೆ ಬಿಡ್ಲಾ. ಡೆಂಗಿ ಅನ್ನೋಕೆ ನಮ್ ಸಾಲಲ್ಲಿ ಸೊಳ್ಳೆ ಎಲ್ಲೈತೆ? ನಿಮ್ಮನೆ ಬಟ್ಲೇ ಹೇಳ್ತೈತಲ್ಲ, ಸೊನ್ನೆ ಅಂತ. ಅವ್ಳವ್ವ ಕಷಾಯ ಕೊಡ್ತಾವ್ಳೆ."

ನಾನು ಮಾತಾಡಲಿಲ್ಲ. ಮಾರನೆಯ ದಿನವೂ ಮಾತಾಡಲಿಲ್ಲ. ನನ್ನ ಬದುಕಿನಲ್ಲಿ ಅಳಿಸಿಹಾಕಬೇಕೆನಿಸುವುದು ಆ ಎರಡು ದಿನಗಳನ್ನೇ. ಮೂರನೆಯ ಬೆಳಿಗ್ಗೆ ಗೋಡೆಯಾಚೆ ಅವಳು ಮೇಲಿಂದ ಮೇಲೆ ವಾಂತಿ ಮಾಡುವ ಸದ್ದು ಕೇಳಿತು. ಕಾಲಿಗೆ ಚಪ್ಪಲಿಯೂ ಇಲ್ಲದೆ ಹೋದೆ.

"ಆ ಸೊನ್ನೆ ಸುಳ್ಳು ಕಣೋ. ಪ್ರತಿ ಸೋಮವಾರ ನಾನೇ ಬಟ್ಲು ತೊಳೀತಿದ್ದೆ."

ಅವನು ನನ್ನನ್ನು ನೋಡಿದ. "ಸೋಮವಾರ ನಿನ್ ಮಕ ತೊಳ್ಕಂಡಿದ್ರೆ ಸಾಕಾಗಿತ್ತಲ್ಲೋ" ಎಂದವನೇ ಆಟೋ ಕರೆಯಲು ಓಡಿದ.

ನಾನೂ ಹಿಂದೆಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆ. ಅಲ್ಲಿ ಮುಖವನ್ನೂ ನೋಡದೆ ಮಾತ್ರೆ ಕೊಡುತ್ತಾರೆಂದು ಎಷ್ಟೋ ಸಲ ಆಡಿಕೊಂಡಿದ್ದವನು ನಾನು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಜ್ವರ ಎಷ್ಟು ದಿನದ್ದು, ಮೂತ್ರ ಸರಿಯಾಗಿ ಹೋಗುತ್ತಿದೆಯೇ, ಯಾವ ಮಾತ್ರೆ ನುಂಗಿದ್ದಾಳೆ ಎಂದು ಒಂದೊಂದಾಗಿ ಕೇಳಿದರು. ಬಿ.ಪಿ. ನೋಡಿ, ಹೊಟ್ಟೆ ಮುಟ್ಟಿ ನೋಡಿ, ರಕ್ತ ತೆಗೆಸಿದರು. ಡೆಂಗಿಯೇ. ಅರಸೀಕೆರೆಯ ದೊಡ್ಡಾಸ್ಪತ್ರೆಗೆ ತಾವೇ ಫೋನ್ ಮಾಡಿ ಆಂಬುಲೆನ್ಸ್ ಹತ್ತಿಸಿದರು. ಬಟ್ಟಲಿನ ಕಥೆಯನ್ನು ಅವರಿಗೂ ಹೇಳಿದೆ. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ. ಅವರು ನರ್ಸ್ ಕಡೆ ತಿರುಗಿ, "ಹಾಗಾದ್ರೆ ಆ ಸಾಲಿನಲ್ಲಿ ಜ್ವರ ಇರೋರನ್ನೆಲ್ಲ ಇವತ್ತೇ ನೋಡ್ಬೇಕು" ಎಂದರಷ್ಟೆ.

ಮನೆಗೆ ಬಂದು ಚಿಪ್ಪಿನ ರಾಶಿಗೆ ಕೈಹಾಕಿದೆ. ಒಂದೊಂದೇ ಚಿಪ್ಪು ಬಗ್ಗಿಸಿ ನೀರು ಚೆಲ್ಲಿದೆ. ನೀರಿನಲ್ಲಿ ಹುಳುಗಳು ಮಿಸುಕುತ್ತಿದ್ದವು. ಸೊಂಟ ಬಿದ್ದುಹೋಯಿತು. ಆದರೂ ಕೂತರೆ ಆ ವಾಂತಿಯ ಸದ್ದೇ ಕೇಳುತ್ತಿತ್ತು. ಆರನೆಯ ದಿನ ಆಶಾ ಹಿತ್ತಲ ಬಾಗಿಲಿಗೇ ಬಂದು ಹೇಳಿದಳು: "ಜ್ವರ ಬಿಟ್ಟೈತಂತೆ ಯಜಮಾನ್ರೇ. ಪ್ಲೇಟ್‌ಲೆಟ್ಟು ಏರ್ತೈತಂತೆ. ಮಗು ಚೆನ್ನಾಗೈತೆ, ಒದೀತೈತಂತೆ." ಕೈಯಲ್ಲಿದ್ದ ಚಿಪ್ಪು ಹಾಗೇ ಹಿಡಿದುಕೊಂಡು ರಾಶಿಯ ಪಕ್ಕ ಕೂತುಬಿಟ್ಟೆ. ಎಷ್ಟೋ ದಿನದ ಮೇಲೆ ಉಸಿರು ಹೊಟ್ಟೆಯ ತನಕ ಇಳಿಯಿತು.

ಬಟ್ಟಲಿನ ಆ ಹುಡುಗಿಯರಿಗೂ ಎಲ್ಲ ಹೇಳಿದೆ. ಅವರು ನಮ್ಮ ಸಾಲಿನ ಸೊನ್ನೆಗಳನ್ನೆಲ್ಲ ಹೊಡೆದುಹಾಕಿದರು. ಅಷ್ಟು ವಾರಗಳ ಕೆಲಸ ನನ್ನಿಂದ ನೀರುಪಾಲಾಯಿತು. ಅವರಲ್ಲೊಬ್ಬಳು, "ಮಠದವರ ಮನೆ ಅಂತ ಸೊಳ್ಳೆಗೆ ಗೊತ್ತಾಗಲ್ಲ ತಾತ" ಎಂದು ನಕ್ಕಳು.

ಗೆಳೆಯ ಬಹಳ ದಿನ ಮಾತು ಬಿಟ್ಟಿದ್ದ. ಅದು ನ್ಯಾಯವೇ. ಹೆರಿಗೆಯಾಗಿ ಒಂದೂವರೆ ತಿಂಗಳಿಗೆ, ಒಂದು ಮಂಗಳವಾರ, ಹುಡುಗಿಯರು ಪಟ್ಟಿ ಎಣಿಸಿಕೊಂಡು ಹೋದ ಮೇಲೆ ಮೊಮ್ಮಗಳನ್ನು ಎತ್ತಿಕೊಂಡು ಗೋಡೆಯ ಹತ್ತಿರ ಬಂದ.

"ಈ ವಾರ ಎಷ್ಟ್ಲಾ?"

"ಹನ್ನೊಂದು."

"ತೊಳ್ದಿಲ್ಲ ತಾನೇ?"

"ಮುಟ್ಟೂ ಇಲ್ಲ ಕಣೋ."

"ಸರಿ, ಹಿಡ್ಕೋ" ಎಂದು ಗೋಡೆಯ ಮೇಲಿನಿಂದ ಮಗುವನ್ನು ನನ್ನ ಕೈಗೆ ಕೊಟ್ಟ.