ಹತ್ತಿಯ ಮೇಲೆ ಸೂಜಿ ಎಳೆಯುವ ಮುನಿತಾಯಮ್ಮ

ಶಿವಕ್ಕನವರು ಇವತ್ತು ಇತ್ತ ಬಾರದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ ಡಿಸ್ಪೆನ್ಸರಿಯ ಮೆಟ್ಟಿಲು ಹತ್ತುತ್ತೇನೆ. ನಮ್ಮ ಜನರಲ್ಲಿ ಗಂಡು ಹೆಣ್ಣು ಹೊಂದಿಸುವವರು ಅವರು. ಇಲ್ಲಿಯ ಆಯಾ ಬಗ್ಗೆ ಪತ್ರಿಕೆಗೆ ಲೇಖನ ಬರೆಯಲು ಬಂದೆ ಎಂದರೆ ಸುಳ್ಳೇನಲ್ಲ. ಆದರೆ ನನ್ನ ಶಾಲಿನೊಳಗೆ ಅವಿತುಕೊಂಡು ಆರು ವರ್ಷದ ತಂಗಿ ಕೋಕಿಲಾ ಇದ್ದಾಳೆ.

ರಾಜಾಜಿನಗರದ ಈ ಪುಟ್ಟ ಕಟ್ಟಡದ ಹಿತ್ತಿಲಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಯಾ ಮುನಿತಾಯಮ್ಮ ಇಂಜೆಕ್ಷನ್ ಸೂಜಿಗಳನ್ನು ಒಂದೊಂದಾಗಿ ಸಾಣೆಕಲ್ಲಿಗೆ ತೀಡುತ್ತಾರೆ, ಆಮೇಲೆ ಹತ್ತಿಯ ಮೇಲೆ ಮೆಲ್ಲಗೆ ಎಳೆಯುತ್ತಾರೆ. ಎಳೆ ಸಿಕ್ಕಿಕೊಂಡರೆ ಆ ಸೂಜಿ ಮತ್ತೆ ಕಲ್ಲಿಗೆ. ಸಿಕ್ಕದಿದ್ದರೆ ಸ್ಟವ್ ಮೇಲಿನ ನೀರಿಗೆ, ಕುದಿಯಲು.

“ಹತ್ತಿ ಹಿಡಿದ್ರೆ ಚರ್ಮಾನೂ ಹಿಡೀತದೆ ಅಮ್ಮಣ್ಣಿ. ಮಗ ಅತ್ರೆ ಬೈಸ್ಕೊಳ್ಳೋರು ಪಾಪ ಡಾಕ್ಟರು.”

ಕಾಮಾಕ್ಷಿಪಾಳ್ಯದವರು. ಗಂಡ ತೀರಿಕೊಂಡ ಮೇಲೆ ಇಲ್ಲಿ ಹೊಸದಾಗಿ ಏಳುತ್ತಿದ್ದ ಮನೆಗಳಿಗೆ ಇಟ್ಟಿಗೆ ಹೊತ್ತರು. ನಂತರ ಕಸ ಗುಡಿಸಲೆಂದು ಡಿಸ್ಪೆನ್ಸರಿಗೆ ಸೇರಿದವರಿಗೆ ಹಳೆಯ ನರ್ಸಮ್ಮ ಸೂಜಿಯ ಕೆಲಸ ಕಲಿಸಿಕೊಟ್ಟರಂತೆ. ಈಗ ನೀರು ತುಂಬುವುದು, ನೆಲ ಒರೆಸುವುದು, ಅಳುವ ಮಕ್ಕಳನ್ನು ತೊಡೆಯ ಮೇಲೆ ಹಿಡಿದು ಕೂರುವುದು ಎಲ್ಲ ಅವರದೇ. “ನಾನು ಇಟ್ಟಿಗೆ ಹೊತ್ತ ಮನೆಗಳಲ್ಲೇ ಈಗ ಜಗಲಿ ಮೇಲೆ ಕೂರ್ಸಿ ಕಾಪಿ ಕೊಡ್ತಾರೆ,” ಎನ್ನುವಾಗ ನಗುತ್ತಾರೆ.

ಜಗಲಿಯ ಮೇಲೆ ಕೂರುವುದೂ ಈ ವರ್ಷ ಅವರ ಕೆಲಸವೇ ಆಗಿದೆ. ಐವತ್ತೇಳರ ಈ ಫ್ಲೂ ಜ್ವರ ಬೀದಿಬೀದಿಗಳನ್ನು ಮಲಗಿಸಿ ಹೋಯಿತು. ಕೋಕಿಲಾಳನ್ನು ಹೊರಗೆ ಬಿಡದೆ ಹೇಗೋ ಕಾಪಾಡಿಕೊಂಡೆವು. ಅವಳಂತೆಯೇ ಉಬ್ಬಸವಿರುವ ಎದುರು ಮನೆಯ ಪಂಚಾಕ್ಷರಿ ಆಸ್ಪತ್ರೆಯಿಂದ ಬಂದಾಗ ಅವನ ತಾಯಿಗೇ ಗುರುತು ಸಿಗದಷ್ಟು ಸೊರಗಿದ್ದ. ಚಳಿಗೆ ಜ್ವರ ಮತ್ತೆ ಬರಬಹುದು ಎನ್ನುತ್ತಾರೆ. ಡಿಸ್ಪೆನ್ಸರಿಗೆ ಬಂದಿರುವ ಫ್ಲೂ ಚುಚ್ಚುಮದ್ದು ಬಹಳ ಸ್ವಲ್ಪ. ಅದು ಉಬ್ಬಸದ ಮಕ್ಕಳಿಗೇ ಮೊದಲು ಎಂದು ಡಾಕ್ಟರು ನಿರ್ಧರಿಸಿದ್ದಾರೆ. ಎದೆ ಪರೀಕ್ಷಿಸಿ, ಜ್ವರವೋ ಏದುಸಿರೋ ಇದ್ದರೆ ಇನ್ನೊಂದು ದಿನ ಬರಹೇಳುತ್ತಾರೆ.

ಆದರೆ ಉಬ್ಬಸವಿದೆ ಎಂದು ಒಪ್ಪಿಕೊಳ್ಳುವ ಮನೆ ಎಲ್ಲಿದೆ? ಹೆಣ್ಣುಮಗುವಾದರಂತೂ ಎಲ್ಲರೂ ನೆಗಡಿ ಎಂದೇ ಹೇಳುತ್ತಾರೆ. ಅಂಥ ಮಕ್ಕಳನ್ನು ಹುಡುಕಿಕೊಂಡು ಮನೆಮನೆಯ ಜಗಲಿಗೆ ಹೋಗುವ ಮುನಿತಾಯಮ್ಮ ಕಾಯಿಲೆಯ ಹೆಸರನ್ನೇ ಎತ್ತುವುದಿಲ್ಲ. ಮಗು ಮಲಗಿ ನಿದ್ದೆ ಮಾಡುತ್ತದೋ, ಕೂತು ಮಾಡುತ್ತದೋ ಎಂದಷ್ಟೇ ಕೇಳುತ್ತಾರೆ. ನಮ್ಮಮ್ಮ ಜಯದೇವಿ ಅದಕ್ಕೆ ತಟ್ಟನೆ, ಕೂತೇ ಎಂದುಬಿಟ್ಟಿದ್ದರು. ಆಮೇಲೆ ನಾಲಿಗೆ ಕಚ್ಚಿಕೊಂಡು, ಆ ಮದ್ದನ್ನು ಮೊಟ್ಟೆಯಲ್ಲಿ ಬೆಳೆಸುತ್ತಾರಂತಲ್ಲ, ನಮ್ಮ ಮನೆಗೆ ಆಗದು ಎಂದು ಮಾತು ತಿರುಗಿಸಿದರು.

“ಡಾಕ್ಟರು ಬಾಯಿಗೆ ಹಾಕಲ್ಲ ಕಣವ್ವ, ತೋಳಿಗೆ ಹಾಕ್ತಾರೆ,” ಎಂದಿದ್ದರು ಮುನಿತಾಯಮ್ಮ. ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಮದ್ದು ಇವತ್ತಿಗೆ ಮುಗಿಯುತ್ತದೆ ಎಂದು ನಿನ್ನೆ ನಮ್ಮ ಬಾಗಿಲವರೆಗೆ ಬಂದು ತಿಳಿಸಿದವರೂ ಅವರೇ.

ನೀವೇ ಡಾಕ್ಟರಿಗೆ ಹೇಳಿಬಿಡಬಾರದೆ ಎಂದು ಈಗ ಮೆಲ್ಲಗೆ ಕೇಳುತ್ತೇನೆ.

“ಹೇಳ್ಬೋದು. ನಾಳೆಯಿಂದ ಯಾರು ನನ್ನ ಜಗಲಿ ಮೇಲೆ ಕೂರಿಸ್ತಾರೆ? ಮನೆ ಮಾತು ಮನೆಯೋರೇ ಆಡ್ಬೇಕು.”

ಅವರ ಮಗಳು ವೆಂಕಟಲಕ್ಷ್ಮಮ್ಮನಿಗೂ ಗೂರಲು, ಅಂದರೆ ಉಬ್ಬಸವೇ. ಸಂಬಂಧ ನೋಡುವಾಗ ಮೊದಲೇ ಹೇಳಿದರಂತೆ, ಬಂದವರೆಲ್ಲ ಎದ್ದು ಹೋದರಂತೆ. “ಕೊನೆಗೆ ಬಂದ ಹುಡುಗನ ತಾಯಿಗೂ ಗೂರಲೇ. ಈಗ ಅತ್ತೆ ಸೊಸೆ ಒಂದೇ ಕಷಾಯ ಕುಡ್ಕೊಂಡು, ಒಬ್ರನ್ನೊಬ್ರು ಬೈಕೊಂಡು ಚೆನ್ನಾಗವ್ರೆ.”

ನಿಮಗೇನು ಆಸೆ ಎಂದರೆ ಸ್ಟವ್ ಆರಿಸುತ್ತಾರೆ. “ನಂದೇನೈತೆ? ನಾನು ಕುದಿಸಿಟ್ಟ ಸೂಜಿ ಮಿಕ್ಕಬಾರ್ದು, ಅಷ್ಟೇ.”

ಬಾಗಿಲು ತೆರೆಯುತ್ತದೆ. ಇರುವುದು ಒಂದೇ ಕೋಣೆ; ಸರದಿಯವರೆಲ್ಲ ಡಾಕ್ಟರ ಮೇಜಿನ ಸುತ್ತಲೇ ನಿಲ್ಲಬೇಕು. ಮೊಮ್ಮಗನ ಕಿವಿನೋವೆಂದು ಶಿವಕ್ಕನವರೂ ಬಂದಿದ್ದಾರೆ, ನನ್ನ ಬೆನ್ನಿಗೇ. ಮುಂದಿನ ವಾರ ನನ್ನನ್ನು ನೋಡಲು ಬರುವವರನ್ನು ಗೊತ್ತು ಮಾಡಿದವರು ಅವರೇ. ಯಾರು ಕೇಳಿದರೂ ಅಶಕ್ತಿ ಎಂದಷ್ಟೇ ಹೇಳು ಎಂದು ಅಮ್ಮ ಕಳಿಸಿದ್ದಾರೆ. ಅಶಕ್ತಿಯೆಂದವರಿಗೆ ಡಾಕ್ಟರು ಚುಚ್ಚುಮದ್ದಲ್ಲ, ಟಾನಿಕ್ ಬರೆದುಕೊಡುತ್ತಾರೆ. ನನ್ನ ಮುಂದಿನವರು ಅದನ್ನೇ ಹಿಡಿದು ಹೊರಟರು.

ಮುನಿತಾಯಮ್ಮ ಕೋಕಿಲಾಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ. ಅವಳ ಉಸಿರು ಈ ದಿನ ಹಗುರವಾಗಿದೆ. ನನ್ನ ಕಡೆ ಅವರು ನೋಡುವುದಿಲ್ಲ. ಮಗುವಿನ ಅಂಗಿಯ ತೋಳಿನ ಗುಂಡಿ ಬಿಚ್ಚುವುದೂ ಇಲ್ಲ, ಸುಮ್ಮನೆ ಅದರ ಮೇಲೆ ಬೆರಳಿಟ್ಟು ಕಾಯುತ್ತಾರೆ.

ಏನಮ್ಮ ತೊಂದರೆ ಎನ್ನುತ್ತಾರೆ ಡಾಕ್ಟರು. ಹಿಂದೆ ಶಿವಕ್ಕನವರ ಮಾತು ನಿಲ್ಲುತ್ತದೆ.

“ಉಬ್ಬಸ ಸಾರ್,” ಎನ್ನುತ್ತೇನೆ. ದನಿ ನಾನೆಣಿಸಿದ್ದಕ್ಕಿಂತ ಜೋರಾಗಿಯೇ ಬರುತ್ತದೆ. “ನನ್ನ ತಂಗಿಗೆ ಉಬ್ಬಸ ಇದೆ. ಕೂತೇ ನಿದ್ದೆ ಮಾಡ್ತಾಳೆ.”